ಸೊನ್ನೆ ಯೂನಿಟ್ಟಿನ ಬಿಸಿನೀರು

೨೦೦೬ರ ಡಿಸೆಂಬರ್ ನಾಲ್ಕರಿಂದ ಚಾಮರಾಜಪುರಂನ ನಮ್ಮ ವಿದ್ಯಾರ್ಥಿನಿಯರ ನಿಲಯದಲ್ಲಿ ಸ್ನಾನದ ನೀರು ವೈಜ್ಞಾನಿಕವಾಗಿ ಬಿಸಿಯಾಗುತ್ತಿದೆ. ಅದಕ್ಕೆ ಮೊದಲು ಹನ್ನೊಂದು ವರ್ಷ ದಿನಗೂಲಿ ಬೆಟ್ಟಯ್ಯನವರ ಸೌದೆ ಒಲೆಯ ಮೇಲೆ ಸುಮ್ಮನೆ ಬಿಸಿಯಾಗುತ್ತಿತ್ತು.

ಇಲಾಖೆ ಎರಡು ಹೀಟ್ ಪಂಪ್ ಕಳಿಸಿತ್ತು. ಒಂದು ಗಾಳಿಯಿಂದ ಶಾಖ ಎಳೆಯುವಂಥದ್ದು, ಇನ್ನೊಂದು ಬೋರ್‌ವೆಲ್ ನೀರಿನಿಂದ. ಎರಡನ್ನೂ ಹೋಲಿಸಿ, ಕಮ್ಮಿ ಕರೆಂಟಿನಲ್ಲಿ ಹೆಚ್ಚು ಬಿಸಿ ಮಾಡುವುದನ್ನು ಜಿಲ್ಲೆಗೆಲ್ಲ ಕೊಳ್ಳಬೇಕೆಂದು ಆದೇಶ. ಸರ್ಕಾರಿ ಸ್ವತ್ತು ಬಯಲಿನಲ್ಲಿರಕೂಡದೆಂಬ ನಿಯಮದ ಪ್ರಕಾರ ಗಾಳಿಯ ಯಂತ್ರವನ್ನು ಕಿಟಕಿಯಿಲ್ಲದ ಉಗ್ರಾಣದಲ್ಲಿಟ್ಟು ಬೀಗ ಹಾಕಿದೆವು. ನೀರಿನ ಯಂತ್ರವನ್ನು ನಮ್ಮ ಬೋರ್‌ವೆಲ್‌ಗೆ ಜೋಡಿಸಿದೆವು. ಅದು ಬತ್ತಿ ಮೂರು ವರ್ಷವಾಗಿತ್ತು, ಆದರೆ ರಿಜಿಸ್ಟರಿನಲ್ಲಿ ಭರ್ತಿ ನೀರಿತ್ತು. ಎರಡೂ ಓಡಲಿಲ್ಲ. ಹೋಲಿಕೆಗೆ ಇದಕ್ಕಿಂತ ಸಮಾನ ಷರತ್ತು ಎಲ್ಲಿ ಸಿಕ್ಕೀತು ಹೇಳಿ.

ಪರಿಶೀಲನೆಯ ದಿನ ಇಂಜಿನಿಯರ್ ನಿರಂಜನ್ ಬೆವೆತುಹೋದರು. ಬೆಟ್ಟಯ್ಯನವರನ್ನು ಪಕ್ಕಕ್ಕೆ ಕರೆದು, ಒಲೆ ಹಚ್ಚಿ ತಾರಸಿಯ ಮೇಲಿರುವ ಯಂತ್ರಗಳ ಎರಡೂ ಟ್ಯಾಂಕಿಗೆ ಬಿಸಿನೀರು ತುಂಬಿಬಿಡಿ, ನಿಮ್ಮ ಕಾಯಂ ಫೈಲನ್ನು ನಾನೇ ಮುಂದೆ ತಳ್ಳುತ್ತೇನೆ ಎಂದರು. ಐವತ್ತೆರಡು ವರ್ಷದ ಬೆಟ್ಟಯ್ಯ ಅರವತ್ತು ಬಕೆಟ್ ಹೊತ್ತರು.

ಪರಿಶೀಲನಾ ಸಮಿತಿಯ ಅಧ್ಯಕ್ಷ ಸದಾಶಿವಯ್ಯನವರು ಥರ್ಮಾಮೀಟರ್ ಅದ್ದಿದರು. ಗಾಳಿಯದು ಐವತ್ತೆಂಟು ಡಿಗ್ರಿ, ನೀರಿನದು ಅರವತ್ತೊಂದು, ಯಾಕೆಂದರೆ ಅದನ್ನು ಆಮೇಲೆ ತುಂಬಿದ್ದು. ಮೀಟರ್ ನೋಡಿದರೆ ಎರಡರದೂ ಸೊನ್ನೆ ಯೂನಿಟ್. ಬಿಸಿಯನ್ನು ಕರೆಂಟಿನಿಂದ ಭಾಗಿಸಬೇಕು, ಸೊನ್ನೆಯಿಂದ ಭಾಗಿಸೋಕಾಗಲ್ಲ ಎಂದು ನಿರಂಜನ್ ತೊದಲಿದರು.

"ಭಾಗಿಸೋಕೇ ಆಗದಷ್ಟು ಚೆನ್ನಾಗಿದೆ ಅಂತ ಬರ್ಕೊಳ್ರೀ," ಎಂದರು ಸದಾಶಿವಯ್ಯ.

ಗುಮಾಸ್ತನಾದ ನಾನು ಬರೆದುಕೊಂಡೆ. ಎರಡನ್ನೂ ಕೊಳ್ಳಲು ಶಿಫಾರಸಾಯಿತು.

ನಿರಂಜನ್ ಮಾತಿಗೆ ತಪ್ಪಲಿಲ್ಲ, ಫೈಲು ಮುಂದೆ ಹೋಯಿತು. ವಾರದೊಳಗೆ ವಾಪಸೂ ಬಂತು: ಯಂತ್ರಗಳು ಇಷ್ಟು ಸಮರ್ಥವಾಗಿರುವುದರಿಂದ ನೀರು ಕಾಯಿಸುವವರ ಅಗತ್ಯವಿಲ್ಲ. ಬಿಡುಗಡೆ ಆದೇಶ ಟೈಪ್ ಮಾಡಿದವನೂ ನಾನೇ. ಒಂದಕ್ಷರ ತಪ್ಪಲಿಲ್ಲ. ನಾಚಿಕೆಯಾಯಿತು, ಅದನ್ನು ಟೈಪ್ ಮಾಡಲಿಲ್ಲ.

ಅವತ್ತು ನೀರು ಕಾಯಿಸಿದ್ದು ನಾನೇ ಅಂತ ಒಂದು ಮಾತು ಬರೆಯಿರಿ ಎಂದು ಬೆಟ್ಟಯ್ಯ ಸದಾಶಿವಯ್ಯನವರನ್ನು ಕೇಳಿಕೊಂಡರು.

"ಹಾಗೆ ಬರೆದ್ರೆ ಯಂತ್ರ ಇದ್ದೂ ಸೌದೆ ಸುಟ್ಟಿರಿ ಅಂತಾಗತ್ತೆ ಬೆಟ್ಟಯ್ಯ. ಅದಕ್ಕೂ ನಿಮ್ಮನ್ನ ಕೆಲಸದಿಂದ ತೆಗೀಬೇಕಾಗತ್ತೆ," ಎಂದು ಸದಾಶಿವಯ್ಯ ಮರುಕದಿಂದಲೇ ವಿವರಿಸಿದರು.

ಸೇವಾ ಪ್ರಮಾಣಪತ್ರ ಇಲ್ಲದೆ ಬೇರೆ ಕಡೆ ಕೆಲಸ ಸಿಗುವುದಿಲ್ಲ. ಅದಕ್ಕೊಂದು ಷರತ್ತಿತ್ತು: ಟ್ಯಾಂಕಿನ ನೀರು ಮುಟ್ಟಿ, ಬಿಸಿಯಾಗಿದೆ, ನನ್ನ ಅಗತ್ಯವಿಲ್ಲ ಎಂದು ದೃಢೀಕರಿಸಬೇಕು. ಮಾರನೇ ಬೆಳಿಗ್ಗೆ ತಾರಸಿಗೆ ಹೋದೆವು. ಕೆಳಗೆ ಸ್ನಾನ ಮುಗಿಸಿದ ಹುಡುಗಿಯರು ಹಲ್ಲು ಕಟಕಟಿಸುತ್ತ, ನೀರು ಬಿಸಿಯಾಗಿತ್ತು ಎಂಬ ಪುಸ್ತಕಕ್ಕೆ ಸಾಲಾಗಿ ಸಹಿ ಹಾಕುತ್ತಿದ್ದರು. ಸಹಿಯಿಲ್ಲದವರಿಗೆ ತಿಂಡಿಯಿಲ್ಲ.

ಬೆಟ್ಟಯ್ಯ ಮೊಣಕೈವರೆಗೂ ಕೈ ಇಳಿಬಿಟ್ಟರು. ರೋಮವೆಲ್ಲ ನಿಮಿರಿತು.

"ಹೆಂಗಿದೆ?" ಎಂದೆ ನಾನು, ಪೆನ್ನು ಹಿಡಿದು.

"ಸುಡ್ತೈತೆ ಸಾರ್," ಎಂದು ಪೆನ್ನು ಇಸಕೊಂಡರು.