ಒಂದು ಒಡ್ಡಿನ ಮಂಜೂರಾತಿ

ಹೊಲದ ಮಣ್ಣು ಉಳಿಸುವ ಸರ್ಕಾರಿ ನೌಕರಿಯಲ್ಲಿದ್ದವನು ನಗುವ ಪ್ರಸಂಗ ಹುಡುಕಿಕೊಂಡು ಹೋಗಬೇಕಾಗಿಲ್ಲ. ಆಫೀಸಿನ ಬಾಗಿಲು ತೆರೆದಿಟ್ಟರೆ ಸಾಕು. ಗಣಿಯ ಸುಗ್ಗಿ ನಡೆದಿದ್ದ ವರ್ಷಗಳಲ್ಲಿ ನಾನು ಕುರುಗೋಡಿನಲ್ಲಿದ್ದೆ. ಜಿಲ್ಲೆಯ ಒಂದು ಮಗ್ಗುಲಲ್ಲಿ ಗುಡ್ಡಕ್ಕೆ ಗುಡ್ಡವನ್ನೇ ಅಗೆದು ಸಾಗಿಸುತ್ತಿದ್ದರು. ಇನ್ನೊಂದು ಮಗ್ಗುಲಲ್ಲಿ ನಾವು ಬೊಗಸೆ ಮಣ್ಣು ಕೊಚ್ಚಿಹೋಗದಂತೆ ಕಾಯುತ್ತಿದ್ದೆವು. ಎರಡಕ್ಕೂ ಅನುಮತಿ ಇದೆ ಎಂದೇ ನಾವು ತಿಳಿದಿದ್ದೆವು.

ಆಗಿಬಾರದ ಮಣ್ಣು

ಕುರುಗೋಡಿನ ಗುಡ್ಡದ ಬುಡದಲ್ಲಿ ಒಬ್ಬ ಹೆಣ್ಣುಮಗಳ ಹೊಲ. ಕೆಂಪು ನೆಲ, ಇಳಿಜಾರು, ಕೆಳಗೆ ಹಳ್ಳ. ಪ್ರತಿ ಮಳೆಗೂ ಮೇಲ್ಮಣ್ಣು ಹಳ್ಳ ಸೇರುತ್ತಿತ್ತು.

"ಗೊಬ್ಬರ ನಾ ಹಾಕ್ತೀನಿ, ಹಳ್ಳ ಉಣ್ತೈತಿ. ಈ ಮುಂಗಾರಿನೊಳಗ ಒಂದು ಒಡ್ಡು ಹಾಕಿಸಿಕೊಡ್ರಿ ಸಾರ್. ಇನ್ನೊಂದು ಮಳಿಗಾಲ ಹಿಂಗ ಹೋದ್ರ ಬಿತ್ತಾಕ ಬಂಡಿಗಲ್ಲ ಉಳಿತಾವ" ಎಂದಳು.

ಇಳಿಜಾರಿಗೆ ಅಡ್ಡಲಾಗಿ ಮಣ್ಣಿನ ಒಡ್ಡು ಹಾಕಲು ಇಲಾಖೆಯ ಸಹಾಯಧನವಿತ್ತು. ಜೆಸಿಬಿ ಇರಲಿಲ್ಲ. ಇದ್ದಬದ್ದವೆಲ್ಲ ಗಣಿ ಸೇರಿದ್ದವು. ಬಳ್ಳಾರಿಯ ಪಾರ್ವತಿನಗರದಲ್ಲಿ ಒಬ್ಬ ಮಾಲೀಕನ ಮನೆ ಬಾಗಿಲಲ್ಲೇ ಒಂದು ನಿಂತಿದೆ ಎಂದು ತಿಳಿದು ಓಡಿದೆ. ಅದನ್ನು ತೊಳೆದು ಹೂವಿನ ಹಾರ ಹಾಕಿದ್ದರು. ಮಾಲೀಕ ಚಹಾ ಕುಡಿಸಿದ, ಎಲ್ಲ ಕೇಳಿಕೊಂಡ, ಆಮೇಲೆ ಅದರ ಮೈ ಸವರುತ್ತ ಹೇಳಿದ:

"ತಪ್ಪು ತಿಳ್ಕೋಬ್ಯಾಡ್ರಿ ಸಾರ್. ಇದಕ್ಕ ಈಗ ಬರೇ ಮಣ್ಣು ಆಗಿಬರಂಗಿಲ್ಲ."

ಮೊದಲು ಬಂದದ್ದು

ಒಡ್ಡು ಬರಲಿಲ್ಲ, ಒಡ್ಡಿನ ಫಲಕ ಬಂತು. "ಈ ಒಡ್ಡನ್ನು ಸರ್ಕಾರದ ನೆರವಿನಿಂದ ನಿರ್ಮಿಸಲಾಗಿದೆ" ಎಂಬ ಬರಹ, ಗಟ್ಟಿ ಕಬ್ಬಿಣದ ಎರಡು ಕಾಲು. ಫಲಕಗಳ ಗುತ್ತಿಗೆ ಬೇರೆಯವರದು. ಅವರು ಹೇಳಿದ ಹೊತ್ತಿಗೆ ಕೆಲಸ ಮುಗಿಸುವವರು. ಬಳ್ಳಾರಿಯಿಂದ ನಮ್ಮ ಸಾಹೇಬರು ನೋಡಲು ಬಂದಾಗ ಅದರ ಒಂದು ಕಾಲಿಗೆ ಎಮ್ಮೆ ಕಟ್ಟಿತ್ತು. ಸಾಹೇಬರು ಮೈಸೂರಿನ ಕಡೆಯವರು, ಸಿಟ್ಟು ಬಂದರೂ ಮೃದುವಾಗಿ ಮಾತಾಡುವವರು.

"ಏನಮ್ಮಾ, ಸರ್ಕಾರದ ಬೋರ್ಡಿಗೆ ಎಮ್ಮೆ ಕಟ್ಟಿದ್ದೀಯಲ್ಲ?"

"ಒಡ್ಡಿನ ಮ್ಯಾಲೆ ಬಿಟ್ಟು ಮೇಸಬೇಕು ಅಂತಿದ್ನಿ ಯಪ್ಪಾ. ಅದು ಬರೋ ಮಟ ಇಲ್ಲೇ ಕಾಯ್ತೈತಿ."

ತರಬೇತಿ

ಸಹಾಯಧನ ಬೇಕಾದರೆ ರೈತರು ಮಣ್ಣಿನ ಸವಕಳಿಯ ಬಗ್ಗೆ ತರಬೇತಿ ಪಡೆಯಬೇಕೆಂಬ ನಿಯಮ ಬಂತು. ತರಬೇತಿ ಸಿರುಗುಪ್ಪದಲ್ಲಿ. ಅಲ್ಲಿ ಕಾಲುವೆಯ ನೀರು, ಭತ್ತದ ಗದ್ದೆ, ಹಾಸಿಗೆ ಹಾಸಿದಂಥ ಸಪಾಟು ನೆಲ. ಇಳಿಜಾರನ್ನು ತೋರಿಸಬೇಕಾದರೆ ಸಾಹೇಬರು ಅಂಗೈಯನ್ನೇ ಓರೆ ಹಿಡಿಯಬೇಕು.

ಅಷ್ಟು ದೂರ ನಾವು ಹೋಗಲೇ ಇಲ್ಲ. ಅದಿರಿನ ಲಾರಿಗಳು ಒಳದಾರಿ ಹುಡುಕಿಕೊಂಡು ನಮ್ಮ ರಸ್ತೆಗೂ ಬಂದಿದ್ದವು. ಕಣ್ಣು ಹಾಯುವವರೆಗೂ ಲಾರಿ. ರೈತರನ್ನು ತುಂಬಿಕೊಂಡಿದ್ದ ನಮ್ಮ ಟೆಂಪೊ ಸಿಕ್ಕಿಕೊಂಡಿತು, ಹಿಂದೆ ಸಾಹೇಬರ ಜೀಪೂ ಸಿಕ್ಕಿಕೊಂಡಿತು. ಹೊತ್ತು ಏರಿದಾಗ ಸಾಹೇಬರು ಬೇವಿನ ಮರದ ಕೆಳಗೇ ತರಬೇತಿ ಶುರುಮಾಡಿದರು. ಗಾಳಿಯಿಂದ ಆಗುವ ಸವಕಳಿ ಎಂಬ ವಿಷಯ ಮುಗಿಯುವಷ್ಟರಲ್ಲಿ ಅವರ ಬಿಳಿ ಅಂಗಿ ಕುಂಕುಮದ ಬಣ್ಣಕ್ಕೆ ತಿರುಗಿತ್ತು. ಮುಂದಿನ ಲಾರಿಯ ಡ್ರೈವರ್ ಕಿಟಕಿಗೆ ಮೊಣಕೈ ಊರಿ ಎಲ್ಲವನ್ನೂ ಶ್ರದ್ಧೆಯಿಂದ ಕೇಳಿದ. ಕೊನೆಗೆ ಹೇಳಿದ:

"ಖರೇ ಮಾತು ಸಾಹೇಬ್ರ. ಮಣ್ಣು ಹಾರಬಾರದು ಅಂದ್ರ ಮ್ಯಾಲೆ ತಾಡಪತ್ರಿ ಹೊಚ್ಚಬೇಕ್ರಿ. ನಮಗೂ ದಿನಾ ಹೇಳ್ತಾರ. ನಾವೂ ನಿಮ್ಮ ಮಂದಿ ಹಂಗ, ಕೇಳಿ ಸುಮ್ನ ಹೋಗ್ತೀವಿ."

ಮುಯ್ಯಾಳು

ಮುಂಗಾರು ಹತ್ತಿರ ಬಂತು. ಆ ಹೆಣ್ಣುಮಗಳು ನಮ್ಮನ್ನು ನೆಚ್ಚಿಕೊಳ್ಳುವುದನ್ನು ಬಿಟ್ಟಳು. ಕುರುಗೋಡಿನಲ್ಲಿ ಮುಯ್ಯಾಳು ಎಂಬ ಪದ್ಧತಿ ಉಂಟು: ಇಂದು ನಿಮ್ಮ ಹೊಲಕ್ಕೆ ನಾನು ದುಡಿದರೆ ನಾಳೆ ನನ್ನ ಹೊಲಕ್ಕೆ ನೀವು. ಓಣಿಯ ಹೆಂಗಸರೆಲ್ಲ ಬುಟ್ಟಿ, ಸಲಿಕೆ ಹಿಡಿದು ಬಂದರು. ನನ್ನನ್ನು ನೋಡಿ ಒಬ್ಬಳು, "ಸಾರ್, ನೀವು ದೂರ ನಿಂದರ್ರಿ. ಸರಕಾರದ ನೆರಳು ಬಿದ್ರ ಒಡ್ಡು ಒಣಗಂಗಿಲ್ಲ" ಎಂದಳು. ದೂರ ನಿಂತೆ. ಅಚ್ಚುಕಟ್ಟಾದ ಕೆಂಪು ಒಡ್ಡು ಎದ್ದಿತು. ನನ್ನ ನೌಕರಿಯಲ್ಲಿ ನಾನು ಕಂಡ ಅತಿ ಚಂದದ ಒಡ್ಡು ಅದು. ಇಲಾಖೆಯ ಕೈ ಅದಕ್ಕೆ ತಾಗಿರಲಿಲ್ಲ.

ನಾನು ಕೂಡಲೇ ಸಾಹೇಬರಿಗೆ ಸಹಾಯಧನದ ತಪಾಸಣೆಗೆ ಬರಲು ಹೇಳಿಕಳಿಸಿದೆ.

ತಪಾಸಣೆ

ತಪಾಸಣೆಯ ಹಿಂದಿನ ದಿನ ಊರೆಲ್ಲ ಮೋಕದಲ್ಲಿ ಒಂದು ಮದುವೆಗೆ ಹೋಗಿತ್ತು. ಬೆಳಿಗ್ಗೆ ಸಾಹೇಬರು, ನಾನು, ಆ ಹೆಣ್ಣುಮಗಳು ಹೊಲಕ್ಕೆ ಬಂದರೆ ಒಡ್ಡು ಇಲ್ಲ. ಅದಿದ್ದ ಜಾಗದಲ್ಲಿ ಉದ್ದಕ್ಕೂ ತಗ್ಗು, ಟೈರಿನ ಗುರುತು. ಕೆಂಪಗಿದ್ದ ಯಾವ ಮಣ್ಣಿಗೂ ಬೆಲೆ ಬಂದಿದ್ದ ಕಾಲ ಅದು. ಅದಿರಿನ ಜೊತೆ ಕಲಸಿ ತೂಕ ಹೆಚ್ಚಿಸುತ್ತಾರೆ ಎಂಬ ಮಾತಿತ್ತು. ಪಕ್ಕದ ಬೀಳಿನಲ್ಲಿ ಕುರಿ ಮೇಯಿಸುತ್ತಿದ್ದವನು ಎಲ್ಲ ನೋಡಿದ್ದ.

"ಹಗಲಾಗ ಬಂದು ಹೇರಿಕೊಂಡು ಹೋದ್ರಿ. ಲಾರಿ, ಜೆಸಿಬಿ."

"ನೀನು ಕೇಳಲಿಲ್ಲವೇನೋ?" ಎಂದೆ.

"ಏನ್ ಕೇಳೋದ್ರಿ? ಒಬ್ಬಾತ ಕೈ ಮಾಡಿ ತೋರಿಸ್ತಿದ್ದ, ನಾಕು ಮಂದಿ ಸುಮ್ನ ನಿಂತು ನೋಡ್ತಿದ್ರು. ಸರಕಾರದವ್ರ ಅನಕೊಂಡ್ನಿ."

ಸಾಹೇಬರು ನಿಯಮದ ಪುಸ್ತಕ ತೆರೆದು ಲೆಕ್ಕ ಹಾಕಿದರು. ನಿಯಮದಲ್ಲಿ ಮಣ್ಣಿನ ಸವಕಳಿಗೆ ಎರಡೇ ಕಾರಣ: ನೀರು, ಗಾಳಿ. ಲಾರಿಯ ಹೆಸರಿಲ್ಲ. ಆದ್ದರಿಂದ ಮಣ್ಣು ಹೋಗಿಲ್ಲ. ಹೋಗದೆಯೂ ಇಲ್ಲಿ ಕಾಣದ ಮೇಲೆ ಒಡ್ಡೇ ಇರಲಿಲ್ಲ. ಇಲ್ಲದ ಒಡ್ಡಿಗೆ ಸಹಾಯಧನವಿಲ್ಲ. ಗುಡ್ಡದ ಹಿಂದೆ ಮೋಡ ಕಪ್ಪಾಗಿತ್ತು. ಮಣ್ಣಿನ ವಾಸನೆ ಬರತೊಡಗಿತು.

"ಈ ಮಣ್ಣು ಈಗ ಎಲ್ಲಿರುತ್ತದೆ?" ಎಂದು ಸಾಹೇಬರು ನನ್ನನ್ನು ಮೆಲ್ಲಗೆ ಕೇಳಿದರು.

"ಬಂದರಿಗೆ ಹೋಗುತ್ತೆ ಸರ್. ಅಲ್ಲಿಂದ ಹಡಗಿನಲ್ಲಿ ಚೀನಾಕ್ಕೆ."

ಸಾಹೇಬರು ಆಕೆಯ ಕಡೆ ತಿರುಗಿದರು. "ಏನಮ್ಮಾ, ಮಣ್ಣು ಹಳ್ಳಕ್ಕೆ ಹೋಗದಿರಲಿ ಅಂತ ತಾನೇ ಇಷ್ಟೆಲ್ಲ ಮಾಡಿದ್ದು?"

ಆಕೆ ತಗ್ಗಿನ ಅಂಚಿನಲ್ಲಿ ಕೂತಿದ್ದಳು. ಮೊದಲ ಹನಿಗಳು ಬಿದ್ದವು. ಸೆರಗನ್ನು ತಲೆಗೆ ಹೊದ್ದು ಹೇಳಿದಳು:

"ಹಳ್ಳಕ್ಕ ಹೋಗಿಲ್ಲ ಬಿಡ್ರಿ ಯಪ್ಪಾ. ನಿಮ್ಮ ಯೋಜನಾ ಗೆದ್ದೈತಿ."