ರಿಲೇ ಬದಲಿಸಿದೆ, ಕುರಿ ಬಂದವು

ನನ್ನ ಪಿಕಪ್ ಗಾಡಿಗೆ ವಯಸ್ಸಾಗಿದೆ ಎಂದು ಊರಿನವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅದಕ್ಕೆ ಅನುಭವವಾಗಿದೆ, ಅಷ್ಟೇ. ಚಳ್ಳಕೆರೆಯಲ್ಲಿ ನನ್ನದು ಶಾಮಿಯಾನ ಮತ್ತು ಪಾತ್ರೆ ಬಾಡಿಗೆ ಅಂಗಡಿ. ತಾಲ್ಲೂಕಿನ ಎಷ್ಟೋ ಮದುವೆಗಳಿಗೆ ಹಂಡೆ, ಕೊಳಗ, ಜರಡಿ ಸೌಟುಗಳನ್ನು ಹೊತ್ತು ತಲುಪಿಸಿದ ಗಾಡಿ ಅದು. ಇತ್ತೀಚೆಗೆ ಮಾತ್ರ ಒಂದು ದುರಭ್ಯಾಸ ಕಲಿತಿತ್ತು. ಬೆಳಿಗ್ಗೆ ತಣ್ಣಗಿದ್ದಾಗ ಒಂದೇ ಏಟಿಗೆ ಸ್ಟಾರ್ಟ್ ಆಗುವುದು, ಸ್ವಲ್ಪ ದೂರ ಓಡಿ ಬಿಸಿಯಾದ ಮೇಲೆ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗದೆ ಮುಷ್ಕರ ಹೂಡುವುದು.

ಆಟೋ ಎಲೆಕ್ಟ್ರಿಷಿಯನ್ ರಫೀಕ್ ಕೀ ತಿರುಗಿಸಿ, ಟ್ಯಾಂಕಿನ ಹತ್ತಿರ ಕಿವಿಯಿಟ್ಟು ಹೇಳಿದ: "ಅಣ್ಣಾ, ಕೀ ಹಾಕಿದ ಕೂಡ್ಲೆ ಡೀಸೆಲ್ ಪಂಪು ಗುಂಯ್ ಅನ್ಬೇಕು. ಅಂತಿಲ್ಲ. ಪಂಪು ಚೆನ್ನಾಗೈತೆ, ಅದಕ್ಕೆ ಕರೆಂಟ್ ಕೊಡೋ ರಿಲೇ ಹೋಗೈತೆ. ಬಿಸಿಗೆ ಕೈ ಕೊಡ್ತೈತೆ. ಸೋಮವಾರ ಬನ್ನಿ, ಹಾಕ್ಕೊಡ್ತೀನಿ."

"ಹಾಕೋದು ಕಷ್ಟನಾ?" ಎಂದು ಕೇಳಿದೆ.

"ಕಷ್ಟ ಏನೈತೆ, ಹಳೇದು ಕೀಳೋದು, ಹೊಸದು ಒತ್ತೋದು."

ಅವನು ಈ ಮಾತನ್ನು ಆಡಬಾರದಿತ್ತು. ಯಾಕೆಂದರೆ ನನಗೆ ಸೋಮವಾರದವರೆಗೆ ಕಾಯುವ ಹಾಗಿರಲಿಲ್ಲ. ಭಾನುವಾರ ದೇವಸಮುದ್ರದಲ್ಲಿ ನನ್ನ ಹೆಂಡತಿ ರತ್ನಮ್ಮನ ಅಣ್ಣ ಪಾಲಯ್ಯನ ಮಗಳ ನಿಶ್ಚಿತಾರ್ಥ. ಊಟಕ್ಕೆ ಮುನ್ನೂರು ಜನ. ಪಾಲಯ್ಯ ರಾಂಪುರದಿಂದ ಪಾತ್ರೆ ತರಿಸುತ್ತೇನೆ ಎಂದಾಗ ರತ್ನಮ್ಮ ಫೋನಿನಲ್ಲೇ ಗದರಿಸಿದ್ದಳು. "ನಮ್ಮನೇಲೇ ಅಂಗಡಿ ಇಟ್ಕೊಂಡು ಬ್ಯಾರೆ ಕಡೆ ತರಿಸ್ತೀಯಾ ಅಣ್ಣ? ಬೆಳಗ್ಗೆ ಎಂಟಕ್ಕೆಲ್ಲ ನಿನ್ನ ಅಂಗಳದಾಗೆ ಪಾತ್ರೆ ಇರ್ತಾವೆ." ಹೀಗಾಗಿ ಆ ಗಾಡಿಯಲ್ಲಿ ಪಾತ್ರೆಗಳ ಜೊತೆಗೆ ತವರಿನಲ್ಲಿ ಅವಳ ಮರ್ಯಾದೆಯೂ ಲೋಡ್ ಆಗಬೇಕಿತ್ತು.

ಹೊಸ ರಿಲೇ ಕೊಂಡು ಶನಿವಾರ ಸಂಜೆ ಮನೆಯ ಮುಂದೆ ಬಾನೆಟ್ ಎತ್ತಿದೆ. ಫ್ಯೂಸ್ ಪೆಟ್ಟಿಗೆಯ ಮುಚ್ಚಳ ತೆಗೆದರೆ ಒಳಗೆ ಒಂದೇ ಅಳತೆಯ, ಒಂದೇ ಬಣ್ಣದ ಐದು ಕಪ್ಪು ಡಬ್ಬಿಗಳು ಸಾಲಾಗಿ ಕೂತಿದ್ದವು. ಯಾವುದು ಯಾವುದಕ್ಕೆ ಎಂದು ಮುಚ್ಚಳದ ಒಳಬದಿಯಲ್ಲಿ ಬರೆದಿರುತ್ತದಂತೆ. ನಮ್ಮ ಗಾಡಿಯಲ್ಲಿ ಅದು ಅಳಿಸಿ ಎಷ್ಟೋ ವರ್ಷವಾಗಿತ್ತು. ರಫೀಕನಿಗೆ ಒಂದು ಫೋನ್ ಮಾಡಿದ್ದರೆ ಮುಗಿಯುತ್ತಿತ್ತು. ಆದರೆ ಸ್ವಂತ ಬುದ್ಧಿ ಇರುವ ಮನುಷ್ಯ ಯಾಕೆ ಫೋನ್ ಮಾಡಬೇಕು? ನಾನು ಗಂಭೀರವಾಗಿ ವಿಚಾರ ಮಾಡಿದೆ. ಗಾಡಿಗೆ ಮುಖ್ಯವಾದದ್ದು ಡೀಸೆಲ್. ಮುಖ್ಯವಾದವರು ಯಾವಾಗಲೂ ನಡುವೆ ಕೂರುತ್ತಾರೆ. ಆದ್ದರಿಂದ ನಡುವಿನದೇ ಪಂಪಿನ ರಿಲೇ.

ನಡುವಿನದನ್ನು ಕಿತ್ತೆ. ಮೂಸಿ ನೋಡಿದೆ. ಸುಟ್ಟ ವಾಸನೆ ಬಂದಂತೆಯೇ ಇತ್ತು. ಹೊಸದನ್ನು ಒತ್ತಿ ಕೀ ತಿರುಗಿಸಿದೆ. ಗಾಡಿ ಸ್ಟಾರ್ಟ್ ಆಯಿತು!

ತಣ್ಣಗಿರುವಾಗ ಅದು ಯಾವತ್ತೂ ಸ್ಟಾರ್ಟ್ ಆಗುತ್ತಲೇ ಇತ್ತು ಎಂಬ ವಿಷಯ ಆ ಸಂಭ್ರಮದಲ್ಲಿ ಹೊಳೆಯಲಿಲ್ಲ. ನನ್ನನ್ನು ಇಷ್ಟು ದಿನ ಸತಾಯಿಸಿದ ಹಳೇ ರಿಲೇಯನ್ನು ಕೈಯಲ್ಲಿ ತೂಗಿ, ನಾಲ್ಕು ಮಾತು ಬೈದು, ಕಾಂಪೌಂಡಿನಾಚೆಯ ಮೋರಿಗೆ ಎಸೆದೆ. ಗುರಿ ಮಾತ್ರ ತಪ್ಪಲಿಲ್ಲ. ಆ ಶನಿವಾರ ನಾನು ಸರಿಯಾಗಿ ಮಾಡಿದ ಕೆಲಸ ಅದೊಂದೇ.

ಭಾನುವಾರ ಆರು ಗಂಟೆಗೆ ಹೊರಟೆವು. ಹಿಂದೆ ಹಂಡೆಗಳು ಒಂದಕ್ಕೊಂದು ಬಡಿದು ಸದ್ದು ಮಾಡುತ್ತಿದ್ದವು. ಪಕ್ಕದಲ್ಲಿ ರತ್ನಮ್ಮ ರೇಷ್ಮೆ ಸೀರೆಯ ನೆರಿಗೆ ಹಾಳಾಗದಂತೆ ನೆಟ್ಟಗೆ ಕೂತಿದ್ದಳು. ತಳಕಿನ ಹತ್ತಿರ ಚಹಾ ಅಂಗಡಿ ಕಂಡು ಗಾಡಿ ನಿಲ್ಲಿಸಿದೆ.

"ಇಂಜಿನ್ ಆಫ್ ಮಾಡ್ಬ್ಯಾಡ್ರಿ" ಅಂದಳು.

"ರಿಲೇ ಹೊಸದು ಕಣೇ."

"ಇರ್ಲಿ. ಆಫ್ ಮಾಡ್ಬ್ಯಾಡ್ರಿ."

ನನ್ನ ರಿಪೇರಿಯ ಮೇಲೆ ಸ್ವಂತ ಹೆಂಡತಿಯೇ ಅಪನಂಬಿಕೆ ವ್ಯಕ್ತಪಡಿಸಿದರೆ ಸುಮ್ಮನಿರಲಾಗುತ್ತದೆಯೇ? ಅವಳು ನೋಡುತ್ತಿರುವಂತೆಯೇ ಕೀ ತಿರುಗಿಸಿ ಇಂಜಿನ್ ನಿಲ್ಲಿಸಿದೆ. ಕೀಯನ್ನು ಜೇಬಿಗೂ ಹಾಕಿಕೊಂಡೆ. ಚಹಾ ಚೆನ್ನಾಗಿತ್ತು. ಆ ಪ್ರಯಾಣದ ಬಗ್ಗೆ ಮುಂದೆ ಒಳ್ಳೆಯ ಮಾತು ಬರುವುದಿಲ್ಲವಾದ್ದರಿಂದ ಇದನ್ನು ಈಗಲೇ ಹೇಳಿಬಿಡುತ್ತೇನೆ.

ಗಾಡಿ ಸ್ಟಾರ್ಟ್ ಆಗಲಿಲ್ಲ. ಗುಂಯ್ ಎಂಬ ಸದ್ದೂ ಇಲ್ಲ. ಬ್ಯಾಟರಿಯ ವೈರು ಅಲ್ಲಾಡಿಸಿದೆ. ಚಹಾ ಕುಡಿಯುತ್ತಿದ್ದ ಐದು ಜನ ತಾವಾಗಿಯೇ ಬಂದು, ಹಂಡೆ ಸಮೇತ ಗಾಡಿಯನ್ನು ಒಂದು ಫರ್ಲಾಂಗು ನೂಕಿದರು. ಆಮೇಲೆ ವಾಪಸ್ಸು ನಡೆದು ಹೋಗಿ ಉಳಿದ ಚಹಾ ಕುಡಿದರು. ಹೀಗೆ ಮುಕ್ಕಾಲು ಗಂಟೆ ಕಳೆದ ಮೇಲೆ, ಬೇರೆ ದಾರಿಯಿಲ್ಲದೆ ರಫೀಕನಿಗೆ ಫೋನ್ ಮಾಡಿದೆ.

"ಹೊಸ ರಿಲೇ ಎಲ್ಲಿ ಹಾಕಿದ್ರಿ ಅಣ್ಣಾ?"

"ನಡುವೆ."

"ನಡುವಿಂದು ಹಾರನ್‌ದು ಅಣ್ಣಾ. ಪಂಪಿಂದು ಎಡಗಡೆಯಿಂದ ಎರಡನೇದು. ಪರವಾಗಿಲ್ಲ, ಎಲ್ಲಾ ಒಂದೇ ಥರದವು. ನಡುವಿನ ಹೊಸದನ್ನ ಕಿತ್ತು ಎರಡನೇದ್ರ ಜಾಗಕ್ಕೆ ಹಾಕ್ರಿ. ಹಾರನ್‌ದು ಹಳೇದು ಚೆನ್ನಾಗೇ ಐತಲ್ಲ, ಅದನ್ನ ವಾಪಸ್ ನಡುವೆ ಒತ್ರಿ. ಎರಡು ನಿಮಿಷದ ಕೆಲಸ."

"ಹೊಸದು ಹಾಕ್ತೀನಿ" ಎಂದು ಫೋನ್ ಇಟ್ಟು, ಹೊಸದನ್ನು ಎರಡನೇ ಜಾಗಕ್ಕೆ ಒತ್ತಿದೆ. ಗಾಡಿ ಸ್ಟಾರ್ಟ್ ಆಯಿತು. ರತ್ನಮ್ಮ ಫೋನಿನ ಮಾತನ್ನೆಲ್ಲ ಕೇಳಿಸಿಕೊಂಡಿದ್ದಳು.

"ಹಾರನ್‌ದು ಹಳೇದು ಎಲ್ಲೈತೆ?"

"ಮೋರೀಲಿ."

ಅವಳು ಕಿಟಕಿಯ ಕಡೆ ತಿರುಗಿ ಕೂತಳು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಹಾರನ್ ಇಲ್ಲದೆ ಗಾಡಿ ಓಡಿಸಿ ನೋಡಿ, ಆಗ ಗೊತ್ತಾಗುತ್ತದೆ ನಾವು ಸ್ಟಿಯರಿಂಗ್‌ಗಿಂತ ಹಾರನ್ನನ್ನೇ ನಂಬಿ ಬದುಕಿದ್ದೇವೆ ಎಂದು. ಹಾನಗಲ್ಲಿನಲ್ಲಿ ನಿಂತ ಬಸ್ಸಿನ ಹಿಂದೆ ನಿಂತೆ. ರಾಂಪುರದಲ್ಲಿ ಹಸುವೊಂದು ತಾನಾಗಿ ಏಳುವವರೆಗೂ ಕಾದೆ. ದೇವಸಮುದ್ರದ ರಸ್ತೆಗೆ ತಿರುಗುವ ಹೊತ್ತಿಗೆ ಒಂಬತ್ತು ದಾಟಿತ್ತು. ಪಾಲಯ್ಯನ ಫೋನ್ ಬಂತು. "ಬಾವ, ಒಲೆ ಹಚ್ಚಿ ಅರ್ಧ ಗಂಟೆ ಆತು. ಮೇಲಿಡಾಕೆ ಏನೂ ಇಲ್ಲ. ಎಲ್ಲಿದ್ದೀರಿ?"

"ಬಂದೇ ಬಿಟ್ವಿ" ಅಂದೆ. ಅಷ್ಟರಲ್ಲಿ ತಿರುವಿನಲ್ಲಿ ಕುರಿಹಿಂಡು ಕಂಡಿತು.

ಇನ್ನೂರಕ್ಕೆ ಕಡಿಮೆಯಿಲ್ಲ. ಸಣ್ಣ ರಸ್ತೆಯನ್ನು ಈ ಅಂಚಿನಿಂದ ಆ ಅಂಚಿನವರೆಗೆ ತುಂಬಿಕೊಂಡು ನಾವು ಹೋಗಬೇಕಾದ ದಿಕ್ಕಿಗೇ ಆರಾಮಾಗಿ ನಡೆಯುತ್ತಿದ್ದವು. ಕುರಿ ಕಾಯುವ ಅಜ್ಜ ಎಲ್ಲೋ ಮುಂದೆ, ಅವನ ರುಮಾಲು ಮಾತ್ರ ಕಾಣುತ್ತಿತ್ತು. ಹಾರನ್ ಒತ್ತಿದೆ, ಅಭ್ಯಾಸ. ಬಾಗಿಲು ಬಡಿದೆ. ಹಿಂದಿನ ಸಾಲಿನ ಒಂದು ಕುರಿ ತಿರುಗಿ ನನ್ನನ್ನು ನೋಡಿ, ಇದರಲ್ಲಿ ಏನೂ ಇಲ್ಲ ಎಂದು ತೀರ್ಮಾನಿಸಿ, ಮತ್ತೆ ನಡೆಯಿತು.

ಆಗ ನನ್ನೊಳಗಿನ ಕುರುಬ ಎದ್ದು ನಿಂತ.

ಹೇಳಬೇಕು, ನಮ್ಮದು ಕುರಿ ಸಾಕಿದ ಮನೆತನ. ಅಪ್ಪ ಚಳ್ಳಕೆರೆ ಪೇಟೆಗೆ ಬಂದು ಶಾಮಿಯಾನ ಹಾಕಿದ್ದರಿಂದ ನಾನು ಜೀವನದಲ್ಲಿ ಒಂದು ಕುರಿಯನ್ನೂ ಮೇಯಿಸಿಲ್ಲ, ಅದು ಬೇರೆ ಮಾತು. ಆದರೆ ಬೇಸಿಗೆ ರಜೆಗೆ ಉಳ್ಳಾರ್ತಿಯ ಮೇವಿನ ಕಾವಲಿನ ಕಡೆ ನಮ್ಮಜ್ಜನ ಹತ್ತಿರ ಹೋಗುತ್ತಿದ್ದೆ. ಸಂಜೆ ಅಜ್ಜ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು, ನಾಲಿಗೆ ಹೊರಳಿಸಿ 'ಟ್ರುರ್ರ್ರ್... ಹೋ ಹೋ' ಎಂದು ಒಂದು ಕೂಗು ಹಾಕುತ್ತಿದ್ದ. ಕೂಗಿದ ಕೂಡಲೇ ಮುನ್ನೂರು ಕುರಿಗಳೂ ಒಟ್ಟಿಗೆ ಓಡುತ್ತಿದ್ದವು. ಅಜ್ಜನಿಂದ ನನಗೆ ಬಂದ ಆಸ್ತಿ ಆ ಕೂಗೊಂದೇ. ಅದನ್ನು ನೆನೆದರೆ ಈಗಲೂ ಎದೆ ತುಂಬುತ್ತದೆ.

"ತಡಿ, ಕುರೀನ ಓಡಿಸ್ತೀನಿ" ಎಂದು ಕಿಟಕಿಯಿಂದ ತಲೆ ಹೊರಗೆ ಹಾಕಿದೆ.

ರತ್ನಮ್ಮ ದೇವಸಮುದ್ರದ ಕುರಿಯ ನಡುವೆಯೇ ಬೆಳೆದವಳು. "ಸುಮ್ನಿರ್ರಿ. ಅಜ್ಜ ನೋಡ್ತಾನೆ, ಹೊಡ್ಕೊಂಡು ಹೋಗ್ತಾನೆ" ಅಂದಳು.

"ಇದು ನಮ್ಮಜ್ಜನ ಕೂಗು ಕಣೇ. ಒಂದ್ಸಲ ಹಾಕಿದ್ರೆ ಹಿಂಡೇ ಓಡ್ತಿತ್ತು."

"ಯಾವ ಕೂಗು?"

ಹಾಕಿ ತೋರಿಸಿದೆ. ನಲವತ್ತು ವರ್ಷದ ಮೇಲೆ ಹಾಕಿದರೂ ಎಷ್ಟು ಚೆನ್ನಾಗಿ ಬಂತೆಂದರೆ ನನಗೇ ಹೆಮ್ಮೆಯಾಯಿತು. "ಅಯ್ಯೋ, ಅದಲ್ರೀ" ಎಂದು ರತ್ನಮ್ಮ ತೋಳು ಹಿಡಿಯುವಷ್ಟರಲ್ಲಿ ಎರಡನೇ ಸಲವೂ ಹಾಕಿಯಾಗಿತ್ತು.

ಇನ್ನೂರು ಕುರಿಗಳು ಒಮ್ಮೆಲೇ ನಿಂತವು. ಕಿವಿ ನಿಮಿರಿಸಿದವು. ಹಿಂದಿರುಗಿದವು. ಓಡಿದವು, ಅದರಲ್ಲಿ ನನ್ನ ನೆನಪು ಸುಳ್ಳಾಗಲಿಲ್ಲ. ನಮ್ಮಜ್ಜ ಕೂಗಿದಾಗ ಕುರಿಗಳು ಓಡುತ್ತಿದ್ದವು ಎಂಬುದು ನನಗೆ ನೆನಪಿತ್ತು. ಎತ್ತ ಓಡುತ್ತಿದ್ದವು ಎಂಬುದು ನೆನಪಿರಲಿಲ್ಲ. ಅವು ಅಜ್ಜನ ಕಡೆಗೆ ಓಡುತ್ತಿದ್ದವು.

ಎರಡು ನಿಮಿಷದಲ್ಲಿ ಗಾಡಿಯ ನಾಲ್ಕೂ ಕಡೆ ಕುರಿ. ಬಾಗಿಲು ತೆಗೆಯಲು ಜಾಗವಿಲ್ಲ. ಎಲ್ಲವೂ ತಲೆ ಎತ್ತಿ ನನ್ನನ್ನೇ ನೋಡುತ್ತ, ಏನೋ ಕೊಡುತ್ತೇನೆಂದು ಕಾಯುತ್ತಿದ್ದವು. ಅವುಗಳನ್ನು ಸರಿಸಿಕೊಂಡು ಆ ಅಜ್ಜ ಬಂದ. ಸಿಟ್ಟಿರಲಿಲ್ಲ. ಕೋಲಿನ ಮೇಲೆ ಗಲ್ಲವಿಟ್ಟು ನಿಧಾನವಾಗಿ ಕೇಳಿದ.

"ಏಮಪ್ಪಾ, ಕರ್ದಿದ್ದಾತು. ನೀರೆಲ್ಲೈತೆ?"

"ಯಾವ ನೀರು ಅಜ್ಜಾ?"

"ನೀರು ಕುಡಿಯಾಕೆ ಬರ್ರಿ ಅಂತ ಕರ್ದಿದ್ದು ನೀನೇ ಅಲ್ಲೇನು? ಅದು ನೀರಿನ ಕೂಗು. ಯಾರು ಕಲಿಸಿದ್ದು ನಿಂಗೆ?"

"ನಮ್ಮಜ್ಜ."

"ನಿಮ್ಮಜ್ಜ ಸರಿಯಾಗೇ ಕಲಿಸ್ಯಾನೆ. ನೀನು ಅರ್ಧ ಕಲ್ತೀಯ."

ನಾನು ಕೈ ಮುಗಿದು, ನಿಶ್ಚಿತಾರ್ಥಕ್ಕೆ ತಡವಾಗಿದೆ, ದಾರಿ ಬಿಡಿಸು ಎಂದು ಕೇಳಿಕೊಂಡೆ. ಅಜ್ಜ ತಲೆಯಾಡಿಸಿದ. "ಕರ್ದು ನೀರು ಕೊಡದೆ ಕಳಿಸ್ಬಾರ್ದಪ್ಪಾ. ಒಂದ್ಸಲ ಸುಳ್ಳಾದ್ರೆ ನಾಳೆ ನಾನು ಕರದ್ರೂ ಬರಲ್ಲ. ಆಮ್ಯಾಕೆ ಇವನ್ನ ಹೆಂಗೆ ಮೇಯಿಸ್ಲಿ?"

ಸಹಾಯಕ್ಕಾಗಿ ರತ್ನಮ್ಮನ ಕಡೆ ನೋಡಿದೆ. ಅವಳು ಆಗಲೇ ಸೀರೆಯನ್ನು ಸೊಂಟಕ್ಕೆ ಸಿಕ್ಕಿಸಿ, ಬಾಗಿಲಿಗೆ ಒತ್ತಿದ್ದ ಕುರಿಗಳನ್ನು ಸರಿಸಿ ಕೆಳಗಿಳಿಯುತ್ತಿದ್ದಳು. "ಅಜ್ಜ ಹೇಳೋದು ಸರಿ ಐತೆ. ಇಳೀರಿ. ಕೈ ತೊಳೆಯೋ ನೀರಿಗೆ ಅಂತ ತಂದ ಟಬ್ಬು ಎರಡು ತೆಗೀರಿ. ಅಡುಗೆ ಪಾತ್ರೆ ಮುಟ್ಟಿದ್ರೆ ನೋಡ್ರಿ."

ರಸ್ತೆ ಪಕ್ಕದ ಹೊಲದಲ್ಲಿ ಬೋರ್‌ವೆಲ್ ಓಡುತ್ತಿತ್ತು. ಅವಳು ಹೊಲದವರನ್ನು ಕೇಳಿ ಬಂದಳು, ನಾನು ಬಕೆಟ್ಟಿನಲ್ಲಿ ನೀರು ಹೊತ್ತೆ. ನಿಶ್ಚಿತಾರ್ಥಕ್ಕೆಂದು ಇಸ್ತ್ರಿ ಮಾಡಿಸಿದ ಬಿಳಿ ಪಂಚೆಯಲ್ಲಿ ಇನ್ನೂರು ಅತಿಥಿಗಳಿಗೆ ನೀರು ಬಡಿಸಿದೆ. ಕುರಿಗೆ ಅವಸರವೆಂಬುದೇ ಇಲ್ಲ. ಒಂದು ಕುಡಿದು ತಲೆಯೆತ್ತಿ ಯೋಚಿಸಿ ಮತ್ತೆ ಕುಡಿಯುತ್ತದೆ. ಜೇಬಿನಲ್ಲಿ ಪಾಲಯ್ಯನ ಫೋನ್ ಹೊಡೆದುಕೊಳ್ಳುತ್ತಲೇ ಇತ್ತು. ಎತ್ತಿ ಏನು ಹೇಳಲಿ? ಮುಕ್ಕಾಲು ಗಂಟೆಯ ಮೇಲೆ ಅಜ್ಜ ಬೇರೆಯದೇ ಒಂದು ಸಣ್ಣ ಸದ್ದು ಮಾಡಿದ. ಹಿಂಡು ಎರಡಾಗಿ ದಾರಿ ಬಿಟ್ಟಿತು. ಆ ಸದ್ದನ್ನು ಹೇಳಿಕೊಡು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಪಾಲಯ್ಯನ ಅಂಗಳ ತಲುಪಿದಾಗ ಒಲೆಗಳ ಮೇಲೆ ಅನ್ನ ಬೇಯುತ್ತಿತ್ತು. ಕಾದು ಕಾದು ಸಾಕಾಗಿ, ಊರಿನ ಹತ್ತಾರು ಮನೆಗಳಿಂದ ಸಣ್ಣದು ದೊಡ್ಡದು ಸಿಕ್ಕ ಪಾತ್ರೆಗಳನ್ನೆಲ್ಲ ತಂದು ಇಪ್ಪತ್ತು ಒಲೆ ಹೂಡಿದ್ದರು. ಒಂದೊಂದು ಪಾತ್ರೆಯ ಮುಂದೆ ಒಬ್ಬೊಬ್ಬ ಹೆಂಗಸು ಸೌಟು ಹಿಡಿದು ಬೆವರುತ್ತ ಕೂತಿದ್ದಳು. ನನ್ನ ಹೊಳೆಯುವ ಹಂಡೆಗಳನ್ನು ಇಳಿಸಿ ಎಂದು ಯಾರೂ ಹೇಳಲಿಲ್ಲ. ಪಾಲಯ್ಯ ನನ್ನ ಒದ್ದೆ ಪಂಚೆಯನ್ನೂ, ಅದರ ಮೇಲಿನ ಕುರಿಯ ಮೂತಿಯ ಗುರುತುಗಳನ್ನೂ ನೋಡಿ, ತಿರುಗಿ ಒಳಗೆ ಹೋದ. ರತ್ನಮ್ಮ ತಲೆ ತಗ್ಗಿಸಿ ಅವನ ಹಿಂದೆ ಹೋದಳು. ಅವಳು ಹಾಗೆ ತಲೆ ತಗ್ಗಿಸಿ ತವರಿನ ಹೊಸಿಲು ದಾಟಿದ್ದನ್ನು ನಾನು ಅದುವರೆಗೂ ನೋಡಿರಲಿಲ್ಲ.

ಒಳಗೆ ಹೋಗಲು ಮುಖವಿಲ್ಲದೆ ಬಾನೆಟ್ ಎತ್ತಿ ನಿಂತೆ. ಉಳಿದ ನಾಲ್ಕು ಕಪ್ಪು ಡಬ್ಬಿಗಳನ್ನು ಬಹಳ ಕೆಲಸವಿರುವವನಂತೆ ಒಂದೊಂದಾಗಿ ಮುಟ್ಟಿದೆ. ಉಂಗುರ ಬದಲಾಯಿಸಿದ ಗದ್ದಲ ಕೇಳಿಸಿತು, ಆಗಲೂ ಹೋಗಲಿಲ್ಲ. ಆಮೇಲೆ ಒಳಗೆಲ್ಲ ನಿಶ್ಶಬ್ದವಾಗಿ, ರತ್ನಮ್ಮನ ಧ್ವನಿಯೊಂದೇ ಕೇಳಿಸಿತು. ಏನು ಹೇಳುತ್ತಿದ್ದಾಳೆಂದು ತಿಳಿಯಲಿಲ್ಲ. ನಡುವೆ ಒಮ್ಮೆ 'ಟ್ರುರ್ರ್ರ್' ಎಂದದ್ದು ಮಾತ್ರ ತಿಳಿಯಿತು. ಮರುಕ್ಷಣ ಮನೆಯೇ ಹಾರಿಹೋಗುವಂತೆ ನಗು. ಬೀಗರೂ ನಗುತ್ತಿದ್ದರು. ಅದರಲ್ಲಿ ಎಲ್ಲರಿಗಿಂತ ಜೋರಾಗಿ ರತ್ನಮ್ಮನೇ ನಗುತ್ತಿದ್ದಳು. ಅವಳ ಮರ್ಯಾದೆ ಉಳಿಯಿತು, ನನ್ನದು ಹೋಯಿತು. ಲೆಕ್ಕ ಸರಿಯಾಗಿಯೇ ಇತ್ತು.

ಎಲೆ ಹಾಕುವ ಹೊತ್ತಿಗೆ ಬಾನೆಟ್ಟಿನ ಹಿಂದೆ ಅಡಗಿದ್ದ ನನಗೆ ಬಾಗಿಲಲ್ಲಿ ಯಾರೋ ನಿಂತದ್ದು ಕಂಡಿತು. ಪಾಲಯ್ಯ. ನಾನು ಬಂದಾಗಿನಿಂದ ನನ್ನೊಡನೆ ಒಂದು ಮಾತೂ ಆಡದ ಮನುಷ್ಯ. ಬಾವ, ಊಟಕ್ಕೆ ಬನ್ನಿ ಎನ್ನಬಹುದೆಂದು ಕಾದೆ. ಅವನು ಹಾಗನ್ನಲಿಲ್ಲ. ಒಂದು ಕೈಯನ್ನು ಬಾಯಿಯ ಪಕ್ಕ ಹಿಡಿದು, ನಾಲಿಗೆ ಹೊರಳಿಸಿ, ನನ್ನ ಅಜ್ಜನಷ್ಟೇ ಚೆನ್ನಾಗಿ ಕೂಗಿದ.

"ಟ್ರುರ್ರ್ರ್... ಹೋ ಹೋ!"

ನಾನು ಬಾನೆಟ್ ಮುಚ್ಚಿ, ತಲೆ ತಗ್ಗಿಸಿ, ನೆಟ್ಟಗೆ ಅವನ ಕಡೆಗೆ ಹೋದೆ. ಅವನ ಇನ್ನೊಂದು ಕೈಯಲ್ಲಿ ಒಂದು ಚೊಂಬು ನೀರಿತ್ತು. ಕುಡಿದೆ.