ದ್ರೌಪದಮ್ಮನವರ ಬೆಸ ದಿನಾಂಕದ ಮನೆ

ಕಾಗದದ ಮೇಲಿನ ಅಕ್ಷರಗಳನ್ನು ಕಂಪ್ಯೂಟರೇ ಓದುವ ತಂತ್ರಾಂಶಕ್ಕೆ ನಮ್ಮ ಕಚೇರಿಯಲ್ಲಿ ಇಪ್ಪತ್ತೈದು ವರ್ಷಗಳ ಉಜ್ವಲ ಇತಿಹಾಸವಿದೆ. ಯಲಹಂಕದ ಆಸುಪಾಸಿನ ಕಚೇರಿ ಎಂದಷ್ಟೇ ಹೇಳಬಲ್ಲೆ. ಹೆಚ್ಚು ಹೇಳಲು ಮೇಲಿನವರ ಅನುಮತಿ ಬೇಕು.

ಮೊದಲು ತರಿಸಿದ್ದು ಇಂಗ್ಲಿಷ್ ಮಾತ್ರ ಓದುತ್ತಿತ್ತು. ನಮ್ಮಲ್ಲಿದ್ದ ಒಂದೇ ಇಂಗ್ಲಿಷ್ ಪುಸ್ತಕವೆಂದರೆ ಅದರ ಜೊತೆಗೇ ಬಂದ ಕೈಪಿಡಿ. ಅದನ್ನು ಒಂದೂ ತಪ್ಪಿಲ್ಲದೆ ಓದಿತು. ಯೋಜನೆ ಯಶಸ್ವಿ ಎಂದು ವರದಿ ಕಳಿಸಿದೆವು. ಎರಡನೆಯದು ಕನ್ನಡ ಓದುತ್ತಿತ್ತಂತೆ. ಅದರ ಸಿ.ಡಿ.ಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ ಗುಮಾಸ್ತರಿಗೆ ಮಾಕಳಿಗೆ ವರ್ಗವಾಯಿತು. ಕೀಲಿಕೈಗೂ ಆಯಿತು.

ಈ ವರ್ಷದ್ದು ಮೂರನೆಯದು. ಅಚ್ಚಾದ ಕನ್ನಡವನ್ನೆಲ್ಲ ಓದುತ್ತದೆ, ಸೀಲಿನ ಕೆಳಗಿರುವುದೊಂದನ್ನು ಬಿಟ್ಟು. ನಮ್ಮಲ್ಲಿ ಕಾಗದ ಎಷ್ಟು ಮುಖ್ಯವೋ ಅಷ್ಟು ಸೀಲು. ಹಾಗಾಗಿ ಬೇಡದ ಕಾಗದಗಳನ್ನು ಅದು ಅದ್ಭುತವಾಗಿ ಓದುತ್ತದೆ. ಸುತ್ತೋಲೆಯೂ ಬಂತು: "ತಂತ್ರಾಂಶ ಓದಿದ್ದೇ ದಾಖಲೆ. ಸಿಬ್ಬಂದಿಯು ಕಣ್ಣಿನಿಂದ ಓದುವುದನ್ನು ಈ ಮೂಲಕ ನಿಷೇಧಿಸಲಾಗಿದೆ."

ಅಲ್ಲಾಳಸಂದ್ರದ ದ್ರೌಪದಮ್ಮ ಮನೆಯನ್ನು ತಮ್ಮ ಹೆಸರಿಗೆ ದಾಖಲು ಮಾಡಿಸಲು ಬಂದದ್ದು ಆಗಲೇ. ಗಂಡ ಚನ್ನಪ್ಪ ಅದನ್ನು ಆಕೆಗೇ ವಿಲ್ ಬರೆದು ತೀರಿಕೊಂಡಿದ್ದರು. ಮೈದುನ ನಾಗೇಶ್ ಮನೆ ತನ್ನದೆನ್ನುತ್ತಿದ್ದ. ಏಳು ಮೇಜು ದಾಟಿದ ಆ ವಿಲ್ಲಿನ ಮೇಲೆ ಸೀಲು ಬೀಳದ ಜಾಗವೇ ಇರಲಿಲ್ಲ. ಲ್ಯಾಮಿನೇಷನ್ ಮಾಡಿದವರು ಅಡಿಯಲ್ಲಿ ಸೇರಿಸಿದ್ದ ತಮ್ಮ ಅಂಗಡಿಯ ಚೀಟಿ ಮಾತ್ರ ಸ್ವಚ್ಛವಾಗಿತ್ತು. ತಂತ್ರಾಂಶ ಅದನ್ನು ಓದಿತು.

"ಮನೆ ಮಾಲೀಕರು ಅನಂತರಾಜು ಜೆರಾಕ್ಸ್ ಅಂಡ್ ಲ್ಯಾಮಿನೇಷನ್ ಕಣಮ್ಮ," ಎಂದರು ನಮ್ಮ ವಿಭಾಗದ ಕಾಶಿನಾಥ.

"ಅಯ್ಯೋ ಸಾರ್, ಅದು ಅಂಗ್ಡಿ ಹೆಸ್ರು! ಮೇಲ್ಗಡೆ ನನ್ ಹೆಸ್ರಿದೆ, ಒಸಿ ಓದಿ ನೋಡಿ."

"ಓದೋ ಹಾಗಿಲ್ಲಮ್ಮ, ಬ್ಯಾನ್ ಆಗಿದೆ," ಎಂದು ಕಾಶಿನಾಥ ಕಿಟಕಿಯ ಕಡೆ ನೋಡತೊಡಗಿದರು. "ಬೇಕಾದ್ರೆ ಆಕ್ಷೇಪಣೆ ಕೊಡಿ. ಅದಕ್ಕೂ ಸೀಲ್ ಹಾಕ್ಕೊಡ್ತೀವಿ."

ನಮ್ಮಲ್ಲಿಗೆ ಬರುವವರೆಲ್ಲ ಲ್ಯಾಮಿನೇಷನ್ ಮಾಡಿಸುತ್ತಿದ್ದುದು ಅದೇ ಅಂಗಡಿಯಲ್ಲಾದ್ದರಿಂದ, ಸಂಜೆಯೊಳಗೆ ಅನಂತರಾಜು ಮುನ್ನೂರ ಹನ್ನೆರಡು ಮನೆ ಮತ್ತು ಒಂದು ಕಲ್ಯಾಣಮಂಟಪದ ಒಡೆಯರಾಗಿದ್ದರು. ದ್ರೌಪದಮ್ಮ ಅಂಗಡಿಗೆ ಹೋದಾಗ ಅವರೇ ಬೆವರುತ್ತಿದ್ದರು.

"ನಾನೇ ಬಾಡಿಗೆ ಮನೇಲಿರೋನು ಕಣಮ್ಮ. ನಿಮ್ಮನೆ ಇಟ್ಕೊಂಡು ಏನ್ ಮಾಡ್ಲಿ? ಇರಿ, ಚೀಟಿ ಬದ್ಲಾಯಿಸ್ತೀನಿ."

ಹೊಸ ಚೀಟಿಯಲ್ಲಿ "ದ್ರೌಪದಮ್ಮ, ಅಲ್ಲಾಳಸಂದ್ರ" ಎಂದಷ್ಟೇ ಇತ್ತು. ಮಾರನೆಯ ದಿನ ತಂತ್ರಾಂಶ ಅದನ್ನು ನಾಲ್ಕು ಸೆಕೆಂಡಿನಲ್ಲಿ ಓದಿತು. ಪರದೆಯ ಮೇಲೆ ತನ್ನ ಹೆಸರು ಕಂಡು ಆಕೆ ಅತ್ತೇಬಿಟ್ಟರು.

"ಮೊದ್ಲೇ ಹಿಂಗೆ ತರ್ಬಾರ್ದಿತ್ತಾ?" ಎಂದರು ಕಾಶಿನಾಥ, ಪ್ರೀತಿಯಿಂದಲೇ.

ಮಧ್ಯಾಹ್ನ ನಾಗೇಶ್ ಬಂದ. ಬಿಳಿ ಹಾಳೆಗೆ ಲ್ಯಾಮಿನೇಷನ್ ಮಾಡಿಸಿ, ಅಡಿಯಲ್ಲಿ ಅದೇ ಮನೆಯ ನಂಬರು, ತನ್ನ ಹೆಸರು ಹಾಕಿಸಿದ್ದ. ಅದನ್ನೂ ಓದಿತು. ಕೊನೆಗೆ ಓದಿದ್ದೇ ಅಂತಿಮವಾದ್ದರಿಂದ, ಇಬ್ಬರೂ ದಿನಾ ಕಚೇರಿಯ ಬಾಗಿಲು ಮುಚ್ಚುವ ಹೊತ್ತಿಗೆ ಬಂದು ತಳ್ಳಾಡತೊಡಗಿದರು. ಸಾರ್ವಜನಿಕರಿಗೆ ತೊಂದರೆಯಾಗಬಾರದೆಂದು ಕಚೇರಿ ಆದೇಶ ಹೊರಡಿಸಿತು: ಬೆಸ ದಿನಾಂಕ ದ್ರೌಪದಮ್ಮನವರದು, ಸಮ ದಿನಾಂಕ ನಾಗೇಶ್ ಅವರದು. ಇಬ್ಬರೂ ಒಪ್ಪಿ ಸಹಿ ಹಾಕಿದರು.

ಮೂವತ್ತೊಂದು ಮತ್ತು ಒಂದು, ಎರಡೂ ಬೆಸ. ಆಗ ಮನೆ ಸತತ ಎರಡು ದಿನ ದ್ರೌಪದಮ್ಮನವರದೇ ಆಗಿರುವುದರಿಂದ ಆಕೆ ಒಬ್ಬಟ್ಟು ಮಾಡಿ ನೆಂಟರನ್ನು ಕರೆಯುತ್ತಾರೆ. ಕಳೆದ ಸಲ ನಾನೂ ಹೋಗಿದ್ದೆ. ನಾಗೇಶ್ ಬಾಗಿಲಲ್ಲಿ ನಿಂತು, "ಒಳಗೆ ಬರಬೋದಾ ಅತ್ತಿಗೆ?" ಎಂದು ಕೇಳಿ, ಚಪ್ಪಲಿ ಬಿಟ್ಟು ಒಳಗೆ ಬಂದ.